ಹಾಸಗುಡ್ಡದ ತಜವೀಜು

ಪಕ್ಕದ ಮನೆಯಲ್ಲಿ ಗುರೆಳ್ಳು ಹುರಿಯುತ್ತಿದ್ದಾರೆ. ಅಂದರೆ ನಾಳೆ ಎಲ್ಲಿಗೋ ಹೊರಟಿದ್ದಾರೆ. ನಮ್ಮ ರಾಯಚೂರಿನಲ್ಲಿ ಪ್ರಯಾಣ ಹೊರಟ ಮನೆಯನ್ನು ಗುರುತಿಸಲು ಗಂಟುಮೂಟೆ ನೋಡಬೇಕಾಗಿಲ್ಲ. ಹಿಂದಿನ ದಿನ ಮಧ್ಯಾಹ್ನ ಗುರೆಳ್ಳು, ಒಣಮೆಣಸಿನಕಾಯಿ ಹುರಿದ ಘಾಟು ಓಣಿಯ ತುಂಬ ಹಬ್ಬುತ್ತದೆ. ಓಣಿಯವರೆಲ್ಲ ಒಮ್ಮೆ ಸೀನಿ, ‘ಯಾವ ಊರಿಗಂತೆ?’ ಎಂದು ವಿಚಾರಿಸಲು ಹೋಗುತ್ತಾರೆ. ನಾನೂ ಸೀನಿದೆ. ಆದರೆ ವಿಚಾರಿಸಲು ಏಳಲಿಲ್ಲ. ಗುರೆಳ್ಳಿನ ವಾಸನೆ ಬಂದರೆ ಬೇರೆಯವರ ಬಾಯಲ್ಲಿ ನೀರು ಬರುತ್ತದೆ, ನನ್ನ ಮೊಣಕಾಲು ನೋಯುತ್ತದೆ. ನೀವು ನಗುತ್ತೀರಿ. ನಗಿರಿ, ಆ ಗುಡ್ಡದ ಕಥೆ ಕೇಳಿ ನಗದವರನ್ನು ನಾನು ಕಂಡಿಲ್ಲ.

ಮಹಾಯುದ್ಧ ನಡೆದಿದ್ದ ಕಾಲ. ನಾನು ಊರಿನ ಒಂದು ಶಾಲೆಯಲ್ಲಿ ಭೂಗೋಳದ ಮಾಸ್ತರ. ನಿಜಾಮರ ಆಳ್ವಿಕೆ, ಪಾಠವೆಲ್ಲ ಉರ್ದುವಿನಲ್ಲಿ. ಪ್ರಸ್ಥಭೂಮಿಗೆ ‘ಸತಹ್-ಎ-ಮುರ್ತಫಾ’ ಎನ್ನಬೇಕಾಗಿತ್ತು. ಹುಡುಗರು ಅದನ್ನು ಮಂತ್ರದ ಹಾಗೆ ಒದರುತ್ತಿದ್ದರು, ನಾನು ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದೆ. ಎತ್ತರದಲ್ಲಿರಬೇಕು, ಮೇಲೆ ಸಪಾಟಾಗಿರಬೇಕು, ಅಂಚು ಕಡಿದಾಗಿರಬೇಕು ಎಂದು ಕಪ್ಪು ಹಲಗೆಯ ಮೇಲೆ ಚಂದವಾಗಿ ಬರೆದು ತೋರಿಸುತ್ತಿದ್ದೆ. ಅಂಥದ್ದನ್ನು ಕಣ್ಣಾರೆ ಕಂಡದ್ದು ಮಾತ್ರ ಇಲ್ಲ. ನಾವೆಲ್ಲ ಹುಟ್ಟಿ ಓಡಾಡುವ ನೆಲವೇ ಒಂದು ದೊಡ್ಡ ಪ್ರಸ್ಥಭೂಮಿ ಎಂದು ಪುಸ್ತಕದಲ್ಲಿ ಇತ್ತು, ನಿಜ. ಆದರೆ ಕಾಲ ಕೆಳಗೇ ಇದ್ದದ್ದನ್ನು ನೋಡಿದೆ ಎಂದು ಯಾರು ಹೇಳಿಕೊಳ್ಳುತ್ತಾರೆ?

ಹಾಗಾಗಿ ಮಾನ್ವಿ ರಸ್ತೆಯ ಕಡೆಗೆ ಒಂದು ಗುಡ್ಡವಿದೆ, ಅದರ ನೆತ್ತಿ ಊರಿನ ಅಂಗಳದಷ್ಟು ಸಪಾಟು, ಅದಕ್ಕೇ ಸುತ್ತಲಿನವರು ಅದನ್ನು ಹಾಸಗುಡ್ಡ ಎನ್ನುತ್ತಾರೆ ಎಂದು ಕಿವಿಗೆ ಬಿದ್ದ ದಿನ ನನಗೆ ಸಣ್ಣ ಹುಚ್ಚು ಹಿಡಿಯಿತು. ಬೆಳಿಗ್ಗೆ ಹೊರಟು, ಗುಡ್ಡ ಹತ್ತಿ, ಮೇಲೆ ಬುತ್ತಿ ಉಂಡು, ಸಂಜೆಗೆ ಮನೆ ಸೇರಬೇಕು. ಬಹಳ ಕಷ್ಟದ್ದಲ್ಲ, ಬಹಳ ಸುಲಭದ್ದೂ ಅಲ್ಲ. ನನ್ನಂಥ ನಡುಮಟ್ಟದ ಮನುಷ್ಯನಿಗೆ ಹೇಳಿ ಮಾಡಿಸಿದ ಗುಡ್ಡ.

ಒಬ್ಬನೇ ಹೋಗಿದ್ದರೆ ಅದೇ ವಾರ ಹೋಗಿ ಬರುತ್ತಿದ್ದೆನೇನೋ. ಗೆಳೆಯ ಭೀಮಣ್ಣನಿಗೆ ಹೇಳಿದೆ. ಭೀಮಣ್ಣ ವಕೀಲ. ಮೈ ತುಂಬಿಕೊಂಡ ಆಳು, ಊಟದಲ್ಲಿ ಉದಾರಿ. ಕಚೇರಿಯಲ್ಲಿ ಅವನು ಗೆದ್ದ ದಾವೆಗಳ ಸುದ್ದಿ ನಾನು ಕೇಳಿಲ್ಲ, ‘ಮುಲ್ತವಿ’ ಮಾಡಿಸಿದ್ದರ ಸುದ್ದಿ ಬೇಕಾದಷ್ಟು ಕೇಳಿದ್ದೇನೆ. ಮುಲ್ತವಿ ಎಂದರೆ ಮುಂದಕ್ಕೆ ಹಾಕುವುದು. ಅವನ ಕೈಗೆ ಸಿಕ್ಕ ದಾವೆ ಮೊಮ್ಮಕ್ಕಳ ಕಾಲಕ್ಕೆ ತೀರುತ್ತದೆ ಎಂದು ಊರಲ್ಲಿ ಮಾತಿತ್ತು. ನಮ್ಮ ಗುಡ್ಡವೂ ಅವನ ಕೈಗೆ ಸಿಕ್ಕಿತು.

ಆಗ ವಾರದ ರಜೆ ಶುಕ್ರವಾರ. ಪ್ರತಿ ಶುಕ್ರವಾರ ಮಧ್ಯಾಹ್ನ ನಮ್ಮ ಪಡಸಾಲೆಯಲ್ಲಿ ಚಾಪೆ ಹಾಸಿಕೊಂಡು ನಾವಿಬ್ಬರೂ ಗುಡ್ಡದ ‘ತಜವೀಜು’, ಎಂದರೆ ಹೋಗುವ ಏರ್ಪಾಟಿನ ವಿಚಾರ, ನಡೆಸುತ್ತಿದ್ದೆವು. ಚುರುಮುರಿ ಬರುತ್ತಿತ್ತು, ಚಹಾ ಬರುತ್ತಿತ್ತು. ಮೊದಲನೆಯ ಚಳಿಗಾಲವೆಲ್ಲ ಕಾಲಿನ ಮೇಲೆ ಹೋಯಿತು. ಚಪ್ಪಲಿ ಹಾಕಿಕೊಳ್ಳಬೇಕೋ, ಬೂಟೋ, ಬರಿಗಾಲೋ? ಚಪ್ಪಲಿ ಜಾರುತ್ತದೆ ಎಂದು ಭೀಮಣ್ಣ. ಬೂಟು ಕಚ್ಚುತ್ತದೆ ಎಂದು ನಾನು. ಗುಡ್ಡದ ಮೇಲೆ ಪ್ರಾಣದೇವರ, ಎಂದರೆ ಹನುಮಂತನ, ಗುಡಿ ಇದೆ, ಆದ್ದರಿಂದ ಬರಿಗಾಲೇ ಸರಿ ಎಂದು ಇಬ್ಬರೂ ಒಪ್ಪುವ ಹೊತ್ತಿಗೆ ಬಿಸಿಲು ಬಂದು ಕಲ್ಲು ಕಾಯತೊಡಗಿತ್ತು.

“ಈ ಬಿಸಲಾಗ ಬರಿಗಾಲಿಲೆ ಹೋದ್ರ ಅಂಗಾಲು ಸುಟ್ಟ ಹಪ್ಪಳಾಗ್ತದ. ಮುಲ್ತವಿ!” ಎಂದ ಭೀಮಣ್ಣ.

ಎರಡನೆಯ ಚಳಿಗಾಲ ವಾಹನದ ಮೇಲೆ ಹೋಯಿತು. ಯುದ್ಧದಿಂದ ಪೆಟ್ರೋಲಿಲ್ಲ. ಮಾನ್ವಿ ಬಸ್ಸು ಬೆನ್ನಿಗೆ ಒಂದು ಇದ್ದಲಿ ಒಲೆ ಕಟ್ಟಿಕೊಂಡು ಹೊಗೆ ಉಗುಳುತ್ತ ಓಡುತ್ತಿತ್ತು. ಓಡುತ್ತಿತ್ತು ಎನ್ನುವುದು ಬಸ್ಸಿನ ಮೇಲಿನ ಗೌರವದಿಂದ. ಏರು ಬಂದಲ್ಲಿ ಜನ ಇಳಿದು ಅದರ ಜೊತೆ ಮಾತಾಡುತ್ತ ನಡೆಯುತ್ತಿದ್ದರು. ಬಂಡಿಯೇ ವಾಸಿ ಎಂದಾಯಿತು. ಯಾರ ಬಂಡಿ, ಮೇಲೆ ಕಮಾನು ಇರಬೇಕೋ ಬೇಡವೋ ಎಂಬಲ್ಲಿ ಮತ್ತೆ ಮುಲ್ತವಿ. ಇಷ್ಟರ ನಡುವೆ ನಾನು ಶಾಲೆಯ ನಕಾಶೆ ತಂದು, ಅಳತೆಪಟ್ಟಿ ಇಟ್ಟು, ಎಲ್ಲಿ ಎಷ್ಟು ಹೊತ್ತು ಕೂಡಬೇಕು, ಎಲ್ಲಿ ನೀರು ಕುಡಿಯಬೇಕು ಎಂದು ಗುರುತು ಹಾಕಿದ್ದೆ. ಕಂಡಿರದ ಗುಡ್ಡದ ಬಗ್ಗೆ ಅಷ್ಟು ಖಚಿತವಾಗಿ ಮಾತಾಡಿದವನು ಇಡೀ ಜಿಲ್ಲೆಯಲ್ಲಿ ಇನ್ನೊಬ್ಬ ಇರಲಿಕ್ಕಿಲ್ಲ.

ಆ ನಕಾಶೆಯ ಮೇಲೆ ಬಗ್ಗಿಕೊಂಡಿದ್ದಾಗಲೇ ಒಂದು ಶುಕ್ರವಾರ ನಾನು ಆ ದೊಡ್ಡ ಮಾತು ಆಡಿದೆ. ನಮ್ಮ ಸೀಮೆಗೆ ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ಹಾಸಗುಡ್ಡ ಹೆಚ್ಚುಕಡಿಮೆ ನಡುವೆ. “ಆಕಾಶ ತಿಳಿ ಇದ್ರ, ಗುಡ್ಡದ ಮ್ಯಾಲ ನಿಂತು ಎರಡೂ ಹೊಳಿ ನೋಡಬಹುದು,” ಎಂದೆ.

ಭೀಮಣ್ಣ ಚುರುಮುರಿ ಅಗಿಯುತ್ತ, “ಸುಳ್ಳು,” ಎಂದ.

ಆಗ ಅಡಿಗೆಮನೆಯ ಬಾಗಿಲ ಮರೆಯಿಂದ ಒಂದು ದನಿ ಬಂತು. “ಖರೇನೇನೋ ತಮ್ಮಾ? ಎರಡೂ ಕಾಣ್ತಾವೇನು?”

ನಮ್ಮ ರುಕ್ಕತ್ತೆ. ಅಪ್ಪನ ತಂಗಿ. ನನ್ನ ತಾಯಿ ನಾನು ಸಣ್ಣವನಿದ್ದಾಗಲೇ ತೀರಿಕೊಂಡಿದ್ದಳು, ನನ್ನನ್ನು ಬೆಳೆಸಿದವಳು ಈಕೆಯೇ. ಎಂಟೊಂಬತ್ತು ವರ್ಷಕ್ಕೆ ಅವಳ ಮದುವೆಯಾಗಿತ್ತು, ನಾಲ್ಕಾರು ವರ್ಷದಲ್ಲೇ ಗಂಡ ಹೋಗಿದ್ದ. ಅಂದಿನ ಪದ್ಧತಿಯಂತೆ ತಲೆ ಬೋಳಿಸಿ, ಕೆಂಪು ಸೀರೆ ಉಡಿಸಿ, ಅಣ್ಣನ ಮನೆಗೆ ತಂದು ಬಿಟ್ಟಿದ್ದರು. ಅಲ್ಲಿಂದ ಅಡಿಗೆಮನೆ, ಬಾವಿ, ಮಠ. ಈ ಮೂರು ಬಿಟ್ಟು ನಾಲ್ಕನೆಯ ಜಾಗದಲ್ಲಿ ಅವಳನ್ನು ನಾನು ಕಂಡದ್ದೇ ಕಡಿಮೆ. ನಮ್ಮ ತಜವೀಜಿನ ಚುರುಮುರಿ, ಚಹಾ ಎಲ್ಲ ಅವಳ ಕೈಯಿಂದಲೇ ಬರುತ್ತಿತ್ತು. ಆದರೆ ಎರಡು ವರ್ಷ ಬಾಗಿಲ ಹಿಂದೆ ನಿಂತು ಅವಳು ಅಷ್ಟೂ ಕೇಳಿಸಿಕೊಳ್ಳುತ್ತಿದ್ದಾಳೆ ಎಂದು ನನಗೆ ಹೊಳೆದಿರಲಿಲ್ಲ.

“ಕಾಣ್ತಾವ ಅತ್ತಿ. ನಾ ಲೆಕ್ಕಾ ಮಾಡೀನಿ,” ಎಂದೆ. ಭೂಗೋಳದ ಮಾಸ್ತರ ಬೇರೆ ಏನು ಹೇಳಿಯಾನು?

“ಹಂಗಾದ್ರ ನಾನೂ ಬರ್ತೀನಿ.”

ಅವಳು ತನಗಾಗಿ ಏನಾದರೂ ಕೇಳಿದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಯಾಕೆ ಎಂದದ್ದಕ್ಕೆ ಸೆರಗು ಸರಿಪಡಿಸಿಕೊಂಡು ಹೇಳಿದಳು: “ಹುಟ್ಟಿದ್ದು ದೇವದುರ್ಗದ ಕಡಿ, ಕೃಷ್ಣಿ ದಂಡಿ ಮ್ಯಾಲ. ಕೊಟ್ಟಿದ್ದು ಮಾನ್ವಿ ಆಚಿ, ತುಂಗಭದ್ರಿ ದಂಡಿ ಮ್ಯಾಲ. ಎರಡೂ ಕಡಿ ಈಗ ಕರಿಯೋರು ಯಾರೂ ಇಲ್ಲ. ಕರಿಲಾರದ ಮನಿಗೆ ಹೋಗ್ಲಿಕ್ಕೆ ಬರೂದಿಲ್ಲ. ದೂರಿಂದ ನೋಡಲಿಕ್ಕೇನು, ಯಾರ ಅಪ್ಪಣಿ ಬೇಕು?”

ಅಪ್ಪಣೆ ಬೇಕಿತ್ತು, ನಮ್ಮ ಅಪ್ಪನದು. ಅವರು ತಹಸೀಲಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು, ಮನೆಯನ್ನೂ ತಹಸೀಲಿನ ಹಾಗೇ ನಡೆಸುತ್ತಿದ್ದರು. “ಮಡಿ ಹೆಣಮಗಳು ಗುಡ್ಡ ಹತ್ತೂದಂದ್ರೇನು? ನಾಳಿ ಓಣ್ಯಾಗ ಏನಂತಾರ?” ಎಂದು ಗುಡುಗಿದರು. ಭೀಮಣ್ಣ ತನ್ನ ಜೀವಮಾನದಲ್ಲಿ ಗೆದ್ದ ಒಂದೇ ವಾದವನ್ನು ಅಂದು ನಮ್ಮ ಪಡಸಾಲೆಯಲ್ಲಿ ಮಾಡಿದ. ಗುಡ್ಡ ಹತ್ತುವುದು ಬೇರೆ, ಪ್ರಾಣದೇವರ ದರ್ಶನಕ್ಕೆ ಹೋಗುವುದು ಬೇರೆ. ದೇವರು ಗುಡ್ಡದ ಮೇಲೆ ಕೂತರೆ ಅದು ಭಕ್ತರ ತಪ್ಪಲ್ಲ. ಅಪ್ಪ ಬಹಳ ಹೊತ್ತು ನಶ್ಯ ಏರಿಸಿ, ಕೊನೆಗೆ “ಮಂಜೂರ್,” ಎಂದರು.

ಮಂಜೂರಾದ ಮೇಲೂ ನಾವು ಹೊರಡಲಿಲ್ಲ ಎಂದರೆ ನಂಬುತ್ತೀರಾ? ಬಂಡಿ ಸಿಕ್ಕರೆ ಎತ್ತು ಇಲ್ಲ, ಎತ್ತು ಸಿಕ್ಕರೆ ಭೀಮಣ್ಣನಿಗೆ ನೆಗಡಿ. ಬೇಸಿಗೆ ಬಂತು, ಮಳೆ ಬಂತು, ಹತ್ತಿ ಬಿಡಿಸುವ ಕಾಲ ಬಂತು. ಒಂದೊಂದು ಸಲ ಮುಂದಕ್ಕೆ ಹಾಕಿದಾಗಲೂ ಅತ್ತೆ, “ಆತು ಬಿಡು,” ಎಂದು ಹುರಿದಿಟ್ಟ ಗುರೆಳ್ಳನ್ನು ಚಟ್ನಿಪುಡಿ ಮಾಡಿ ಡಬ್ಬಿಗೆ ತುಂಬುತ್ತಿದ್ದಳು. ಹೋಗದ ಪ್ರಯಾಣಗಳ ಚಟ್ನಿಪುಡಿಯನ್ನು ನಾವು ಮನೆಯಲ್ಲೇ ಕೂತು ರೊಟ್ಟಿಗೆ ಹಚ್ಚಿಕೊಂಡು ತಿಂದೆವು. ಚೆನ್ನಾಗಿಯೇ ಇರುತ್ತಿತ್ತು.

ಮೂರನೆಯ ಚಳಿಗಾಲ ಮುಗಿಯುತ್ತ ಬಂದಾಗ ಅತ್ತೆಯ ಕಾಲಿಗೆ ಬಾವು ಬರತೊಡಗಿತು. ಬಾವಿಯ ಮೆಟ್ಟಿಲು ಹತ್ತುವಾಗ ಗೋಡೆ ಹಿಡಿಯುತ್ತಿದ್ದಳು. ಇನ್ನೊಂದು ವರ್ಷ ಹೋದರೆ ಅವಳಿಂದ ಆಗದು ಎಂದು ನನ್ನಂಥ ದಡ್ಡನಿಗೂ ತಿಳಿಯಿತು. ಈ ಸಲ ಬಿಡಬಾರದು ಎಂದು ನಾನೇ ಪಂಚಾಂಗ ತೆಗೆದುಕೊಂಡು ಕೂತೆ.

ನಮ್ಮಂಥ ವೈಷ್ಣವರ ಮನೆಯಲ್ಲಿ ಏಕಾದಶಿ ಎಂದರೆ ಉಪ್ಪಿಟ್ಟು ಬಾಳೆಹಣ್ಣಿನ ಏಕಾದಶಿಯಲ್ಲ. ನೀರಿನ ಹನಿಯೂ ಬಾಯಿಗೆ ಬೀಳದ ಉಪವಾಸ. ಮರುದಿನ ದ್ವಾದಶಿ, ಹೊತ್ತು ಮೂಡುವಾಗಲೇ ಪಾರಣೆ, ಎಂದರೆ ಭರ್ತಿ ಊಟ. ಪಂಚಾಂಗದಲ್ಲಿ ಗುರುವಾರ ಏಕಾದಶಿ, ಶುಕ್ರವಾರ ದ್ವಾದಶಿ ಇತ್ತು. ನನಗೆ ನನ್ನ ಜಾಣತನದ ಮೇಲೆ ಪ್ರೀತಿ ಉಕ್ಕಿತು. ರಜೆಯ ದಿನ, ಬೆಳಗಾಗುವುದರೊಳಗೆ ಹೊಟ್ಟೆ ತುಂಬಿರುತ್ತದೆ, ಬಂಡಿ ಕಟ್ಟಿದರಾಯಿತು. ಭೀಮಣ್ಣನಿಗೆ ಹೇಳಿದೆ. ಯಾವುದಕ್ಕೂ ತಕರಾರು ತೆಗೆಯುವ ಮನುಷ್ಯ, “ಶುಕ್ರವಾರ ನಿಮ್ಮ ಮನ್ಯಾಗ ಪಾರಣಿ? ಬಹಳ ಛಲೋ, ಬಹಳ ಛಲೋ,” ಎಂದು ಕೂಡಲೇ ಒಪ್ಪಿದ. ನನ್ನ ವ್ಯವಸ್ಥೆಯಲ್ಲಿ ಹುಳುಕು ಸಿಗಲಿಲ್ಲ ಎಂದು ನಾನು ಬೀಗಿದೆ.

ಅತ್ತೆಗೆ ಹೇಳಿದಾಗ ಅವಳು ಬೆರಳ ಗೆಣ್ಣಿನ ಮೇಲೆ ಏನೋ ಎಣಿಸಿದಳು. “ಶುಕ್ರವಾರ ಏನು?”

“ಹೂಂ. ಯಾಕ?”

“ಏನಿಲ್ಲ. ಹೋಗೋಣಂತ.”

ಶುಕ್ರವಾರ ನಸುಕಿನಲ್ಲಿ ಬಾವಿಯ ರಾಟೆಯ ಸದ್ದಿಗೆ ಎಚ್ಚರವಾಯಿತು. ಅತ್ತೆ ಸ್ನಾನ ಮಾಡಿ ಒಲೆ ಹೊತ್ತಿಸಿಯಾಗಿತ್ತು. ಅನ್ನ, ತೊವ್ವೆ, ಅಗಸೆ ಸೊಪ್ಪಿನ ಪಲ್ಯ, ಪಾಯಸ. ಹಿಂದಿನ ದಿನವಿಡೀ ಉಪವಾಸವಿದ್ದ ನಾನು ಎಲೆಯ ಮುಂದೆ ಕೂತವನು ಏಳಬೇಕಾದರೆ ಗೋಡೆ ಹಿಡಿಯಬೇಕಾಯಿತು. ಭೀಮಣ್ಣನೂ ಅಷ್ಟೇ ಉಪವಾಸದವನ ಹಾಗೆ ಉಂಡ. ಅತ್ತೆ ಅವನಿಗೆ ಎರಡನೆಯ ಸಲ ಪಾಯಸ ಬಡಿಸುವಾಗ ಒಂದು ಕ್ಷಣ ಸೌಟು ಹಿಡಿದು ನಿಂತಳು, ಮತ್ತೆ ಬಡಿಸಿದಳು. “ನೀ ಯಾವಾಗ ಉಣ್ತಿ?” ಎಂದು ನಾನು ಕೇಳಿದೆನೋ ಇಲ್ಲವೋ ನೆನಪಿಲ್ಲ. ಕೇಳಿರಲಿಕ್ಕಿಲ್ಲ.

ಬಂಡಿ ಮಾನ್ವಿ ರಸ್ತೆ ಹಿಡಿಯಿತು. ಎರಡೂ ಕಡೆ ಎರೆಭೂಮಿ, ಕಾಳು ಕಟ್ಟಿದ ಬಿಳಿಜೋಳ, ಅಲ್ಲಲ್ಲಿ ಬಿಡಿಸದೆ ಉಳಿದ ಹತ್ತಿ. ಪಾಯಸದ ಭಾರಕ್ಕೆ ನಮ್ಮಿಬ್ಬರ ತಲೆಗಳು ಬಂಡಿಯ ಕಮಾನಿಗೆ ಸರದಿಯ ಮೇಲೆ ಬಡಿಯುತ್ತಿದ್ದವು. ಅತ್ತೆ ಮಾತ್ರ ಬಂಡಿಯ ಹಿಂಬದಿಗೆ ಮುಖ ಮಾಡಿ, ಕಾಲು ಮಡಚಿಕೊಂಡು ಕಣ್ಣು ಮಿಟುಕಿಸದೆ ಕೂತಿದ್ದಳು. ಊರ ಕೋಟೆಯ ಗುಡ್ಡ ಸಣ್ಣದಾಗುತ್ತ ಹೋದಂತೆ ಅವಳ ಮುಖದಲ್ಲಿ ಏನೋ ಸಡಿಲವಾಗುತ್ತಿತ್ತು. ಹೊತ್ತು ಏರುವ ಹೊತ್ತಿಗೆ ಹಾಸಗುಡ್ಡದ ಬುಡ ಮುಟ್ಟಿದೆವು. ಬಂಡಿಯವನು ಎತ್ತು ಬಿಚ್ಚಿ ಬೇವಿನ ನೆರಳಿಗೆ ಮಲಗಿದ. ಆ ದಿನದ ಜಾಣ ಅವನೇ.

ಬುಡದಲ್ಲಿ ಒಬ್ಬ ಹೆಂಗಸು ಕುರಿ ಮೇಯಿಸುತ್ತಿದ್ದಳು. ಪಂಚೆ ಎತ್ತಿ ಕಟ್ಟಿ, ಹೆಗಲಿಗೆ ಬುತ್ತಿಯ ಗಂಟು ಹಾಕಿ, ಕೈಯಲ್ಲಿ ನಕಾಶೆ ಹಿಡಿದ ನಮ್ಮನ್ನು ನೋಡಿ ಕನಿಕರಪಟ್ಟಳು.

“ಏನ್ರಿ ಯಪ್ಪಾ, ಕುರಿ ಕಳಕೊಂಡೀರೇನು?”

“ಇಲ್ಲವ್ವ, ಸುಮ್ನ ಗುಡ್ಡ ನೋಡಾಕ ಬಂದೀವಿ,” ಎಂದೆ.

“ಗುಡ್ಡ ಇಲ್ಲಿಂದನ ಕಾಣಾಕತ್ತೈತಲ್ರಿ!”

ಮೂರು ವರ್ಷದ ತಜವೀಜಿನಲ್ಲಿ ಈ ಆಕ್ಷೇಪಣೆ ನಮ್ಮ ವಕೀಲನಿಗೂ ಹೊಳೆದಿರಲಿಲ್ಲ. ನಾವು ಹತ್ತತೊಡಗಿದೆವು.

ನಕಾಶೆಯ ಪ್ರಕಾರ ನಾನು ಮುಂದೆ. ನನ್ನ ಹಿಂದೆ ಭೀಮಣ್ಣ, ಅವನ ಹಿಂದೆ ಅತ್ತೆ. ನೂರು ಹೆಜ್ಜೆ ಹೋಗುವುದರೊಳಗೆ ನಾನು ಒಂದು ಕಳ್ಳಿ ಮೆಳೆಯ ಮುಂದೆ ನಿಂತಿದ್ದೆ. ದಾರಿ ಅಲ್ಲಿಗೆ ಮುಗಿದಿತ್ತು. ವಾಪಸು ಬಂದು ನೋಡಿದರೆ ಅತ್ತೆ ಬೇರೆ ಕಡೆಯಿಂದ, ಕಣ್ಣಿಗೆ ರಾಚುವಂತಿದ್ದ ಕಾಲುದಾರಿ ಹಿಡಿದು ನಮಗಿಂತ ಮೇಲಿದ್ದಳು. ನಾನು ನಕಾಶೆಯನ್ನು ಮಡಚಿ ಒಳಗಿಟ್ಟೆ. ಆಮೇಲೆ ನನ್ನ ಉಸಿರು ಕೈಕೊಡತೊಡಗಿತು. ದಣಿದೆ ಎಂದು ಹೇಳಲು ಮಾಸ್ತರಿಕೆಯ ಬಿಂಕ ಬಿಡಲಿಲ್ಲ. ಹಾಗಾಗಿ ಅಲ್ಲಲ್ಲಿ ನಿಂತು, “ಈ ಕಲ್ಲು ನೋಡ್ರಿ, ಇದು ಭೂಮಿ ಹುಟ್ಟಿದಾಗಿಂದು,” ಎಂದು ಪಾಠ ಶುರು ಮಾಡುತ್ತಿದ್ದೆ. ಏರು ಕಡಿದಾದಷ್ಟೂ ಪಾಠ ಉದ್ದವಾಗುತ್ತಿತ್ತು. ಒಂದು ಕಡೆಯಂತೂ ಜಗತ್ತಿನ ಎಲ್ಲ ಶಿಲೆಗಳನ್ನೂ ಹೇಳಿ ಮುಗಿಸಿದೆ. ಭೀಮಣ್ಣ ಕಲ್ಲಿನ ಮೇಲೆ ಕವುಚಿಕೊಂಡು, “ಇನ್ನೊಂಚೂರು ಹೇಳೋ ಮಾಸ್ತರ, ಭಾಳ ತಿಳೀತದ,” ಎಂದ. ಶಾಲೆಯಲ್ಲಿ ಯಾರೂ ನನ್ನ ಪಾಠವನ್ನು ಹಾಗೆ ಬೇಡಿ ಕೇಳಿದ್ದಿಲ್ಲ.

ಅತ್ತೆಗೆ ನೀರು ಕೊಡಲು ತಂಬಿಗೆ ಎತ್ತಿದೆ. “ಮ್ಯಾಲ ಹೋಗೋಣ ನಡಿ,” ಎಂದಳು. ಬಾವು ಬಂದ ಕಾಲನ್ನು ಒಂದೊಂದೇ ಕಲ್ಲಿನ ಮೇಲಿಟ್ಟು, ಮೊಣಕಾಲ ಮೇಲೆ ಕೈ ಊರಿ, ಮೇಲೆ ಏಳುತ್ತಿದ್ದಳು. ತುಟಿ ಒಣಗಿತ್ತು. ನಿಲ್ಲಲಿಲ್ಲ.

ನೆತ್ತಿ ಮುಟ್ಟಿದಾಗ ಮೊದಲು ತಾಗಿದ್ದು ಗಾಳಿ. ಎಷ್ಟು ದೊಡ್ಡ ಬಯಲು ಅದು! ಯಾರೋ ಗುಡ್ಡದ ತಲೆಯನ್ನು ಕುಡುಗೋಲಿನಿಂದ ಕೊಯ್ದು ಸಪಾಟು ಮಾಡಿಟ್ಟ ಹಾಗಿತ್ತು. ಬೆಳ್ಳಗಿನ ಹಾಸುಬಂಡೆ, ಸಂದಿಯಲ್ಲಿ ಒಣ ಹುಲ್ಲು, ಒಂದು ಕಡೆ ಕಲ್ಲಿನ ದೋಣಿಯಲ್ಲಿ ಉಳಿದ ಮಳೆಯ ನೀರು, ಇನ್ನೊಂದು ಕಡೆ ಆಳೆತ್ತರದ ಪ್ರಾಣದೇವರ ಗುಡಿ. ನಾನು ಇಷ್ಟು ವರ್ಷ ಹಲಗೆಯ ಮೇಲೆ ಬರೆದದ್ದು ಇದೇ ಎಂದು ನೋಡಿ ನನಗೆ ಖರೆಯಾಗಿ ಸಂತೋಷವಾಯಿತು. ಅತ್ತೆ ಗುಡಿಗೆ ನಮಸ್ಕಾರ ಮಾಡಿ ನನ್ನ ಹತ್ತಿರ ಬಂದಳು.

“ಎಲ್ಲಿ ಅದಾವೋ ಹೊಳಿ?”

ಉತ್ತರಕ್ಕೆ ನೋಡಿದೆ. ಹೊಲ, ಹೊಲದಾಚೆ ಹೊಲ, ಅದರಾಚೆ ಬೂದು ಮಬ್ಬು. ದಕ್ಷಿಣಕ್ಕೆ ತಿರುಗಿದೆ. ಅದೇ ಮಬ್ಬು. ಅಂಗೈಯನ್ನು ಹುಬ್ಬಿಗೆ ಅಡ್ಡ ಹಿಡಿದೆ. ತುದಿಗಾಲಲ್ಲಿ ನಿಂತೆ, ಅದರಿಂದ ಇಪ್ಪತ್ತು ಮೈಲಿ ಹತ್ತಿರವಾಗುತ್ತದೆ ಎಂಬಂತೆ. ದೂರದಲ್ಲಿ ಬೆಳ್ಳನೆಯ ಗೆರೆ ಕಂಡಿತು. “ಅಲ್ಲಿ ನೋಡತ್ತಿ, ಬೆಳ್ಳಗ!” ಎಂದು ಕೂಗಿದೆ. ಆ ಗೆರೆ ನಿಧಾನವಾಗಿ ಎದ್ದು ನಡೆಯತೊಡಗಿತು. ಹತ್ತಿ ಬಂಡಿಗಳು ಎಬ್ಬಿಸಿದ ಧೂಳು ಅದು.

ಭೀಮಣ್ಣ ಬುತ್ತಿ ಬಿಚ್ಚಿದ. ಹಾಲಿನಲ್ಲಿ ನಾದಿದ ರೊಟ್ಟಿ, ಬೆಣ್ಣೆ, ಗುರೆಳ್ಳು ಚಟ್ನಿಪುಡಿ, ಶೇಂಗಾದ ಉಂಡಿ. ಅತ್ತೆ ಇಬ್ಬರಿಗೂ ಮುತ್ತಗದ ಎಲೆ ಹಾಕಿ ಬಡಿಸಿದಳು. ನಾಚಿಕೆಗೂ ಹಸಿವೆಗೂ ಸಂಬಂಧವಿಲ್ಲ ಎಂದು ಅಂದು ತಿಳಿಯಿತು, ನಾನು ಚೆನ್ನಾಗಿಯೇ ತಿಂದೆ. ಅರ್ಧ ರೊಟ್ಟಿ ಮುಗಿದ ಮೇಲೆ ತಲೆ ಎತ್ತಿ, “ನಿನ್ನ ಎಲಿ ಎಲ್ಲತ್ತಿ? ನೀರಾದ್ರೂ ಕುಡಿ,” ಎಂದು ತಂಬಿಗೆ ಚಾಚಿದೆ.

“ಬ್ಯಾಡೋ ತಮ್ಮಾ. ಇವತ್ತ ನನಗ ಏಕಾದಶಿ.”

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ನಮ್ಮ ಮನೆ ನಡೆದುಕೊಳ್ಳುವುದು ಒಂದು ಮಠಕ್ಕೆ. ಅತ್ತೆಯನ್ನು ಕೊಟ್ಟದ್ದು ಇನ್ನೊಂದು ಮಠದವರಿಗೆ. ಹೆಣ್ಣಿಗೆ ಮದುವೆಯಾದ ದಿನದಿಂದ ಗಂಡನ ಮನೆಯ ಮಠ, ಗಂಡನ ಮನೆಯ ಪಂಚಾಂಗ. ಎರಡು ಪಂಚಾಂಗಗಳೂ ಹೆಚ್ಚಾಗಿ ಒಂದೇ ದಿನ ಏಕಾದಶಿ ಹೇಳುತ್ತವೆ. ಯಾವಾಗಲೋ ಒಮ್ಮೆ ಲೆಕ್ಕದ ಹೆಚ್ಚುಕಡಿಮೆಯಲ್ಲಿ ಒಂದು ದಿನ ಹಿಂದೆ ಮುಂದೆ ಆಗುತ್ತದೆ. ಆ ವಾರ ನಮ್ಮದು ಗುರುವಾರ, ಅವಳದು ಶುಕ್ರವಾರ. ನಮ್ಮ ಮನೆಯಲ್ಲಿ ಮೂವತ್ತು ವರ್ಷದ ಮೇಲೆ ಇದ್ದವಳು ನಮ್ಮ ಪಾರಣೆಯ ದಿನ ನೀರೂ ಇಲ್ಲದೆ ನಮಗೆ ಪಾಯಸ ಬಡಿಸಿದ್ದಳು. ಇಂಥ ಎಷ್ಟು ದಿನ ಹಾಗೆ ಬಡಿಸಿದ್ದಳೋ. ಒಪ್ಪತ್ತು ಉಣ್ಣುವ ಮಡಿ ಹೆಂಗಸು ಯಾವ ಒಪ್ಪತ್ತು ಉಂಡಳು, ಉಂಡಳೋ ಇಲ್ಲವೋ ಎಂದು ನಾನಾಗಲೀ ಅಪ್ಪನಾಗಲೀ ಒಮ್ಮೆಯೂ ನೋಡಿರಲಿಲ್ಲ. ಪಂಚಾಂಗ ನೋಡಿದ ಮಹಾಜಾಣ ನಾನು ನನ್ನ ಪಂಚಾಂಗ ಮಾತ್ರ ನೋಡಿದ್ದೆ.

ಅದೇ ಹೊತ್ತಿಗೆ ಪಕ್ಕದಲ್ಲಿ ಅಗಿಯುವ ಸದ್ದು ನಿಂತಿತು. ನೋಡಿದರೆ ಭೀಮಣ್ಣ, ಬಾಯಲ್ಲಿ ಉಂಡಿ, ಕಣ್ಣು ಹಾಸುಬಂಡೆಯ ಮೇಲೆ. ಆಗ ನೆನಪಾಯಿತು: ಭೀಮಣ್ಣನ ಮನೆಯವರೂ ಅತ್ತೆಯ ಗಂಡನ ಮಠದವರೇ! ಗುರುವಾರ ತನ್ನ ಮನೆಯಲ್ಲಿ ಊಟ, ಶುಕ್ರವಾರ ನಮ್ಮ ಮನೆಯಲ್ಲಿ ಪಾರಣೆ. ಮಹರಾಯ ಏಕಾದಶಿಯನ್ನೂ ಮುಲ್ತವಿ ಮಾಡಿಸಿಬಿಟ್ಟಿದ್ದ.

“ಅತ್ತಿ, ನಿನಗ ಗೊತ್ತಿತ್ತಲ್ಲ, ಇವನಿಗೂ ಇವತ್ತ ಏಕಾದಶಿ ಅಂತ?”

“ಅವರು ವಕೀಲರು. ಅವರದೇನರ ಕಾಯದೆ ಇದ್ದೀತು ಅಂತ ಸುಮ್ನಾದೆ,” ಎಂದಳು ಅತ್ತೆ, ನಗದೆ. ಭೀಮಣ್ಣನಿಗೆ ಉಂಡಿಯನ್ನು ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ. ಕೊನೆಗೆ ನುಂಗಿದ.

ನನಗೆ ಮಾತ್ರ ಸಿಟ್ಟು ಬಂತು. ಯಾರ ಮೇಲೆ ಎಂದು ತಿಳಿಯದ ಸಿಟ್ಟು ಬೇಗ ದನಿ ಏರಿಸುತ್ತದೆ. “ನೀರಿಲ್ಲದ ಇಷ್ಟು ಎತ್ತರ ಹತ್ತಿದಿ! ಏನರ ಆಗಿದ್ರ? ಮೊದಲ ಒಂದು ಮಾತು ಹೇಳಲಿಕ್ಕೆ ಏನಾಗಿತ್ತು?”

ಅತ್ತೆ ನನ್ನನ್ನು ನೋಡಿದಳು. “ಹೇಳಿದ್ರ ನೀವು ಮುಲ್ತವಿ ಮಾಡ್ತಿದ್ರಿ.”

ಅಷ್ಟೇ ಅಂದಳು. ಕೊಂಕಿರಲಿಲ್ಲ. ಭೀಮಣ್ಣ ಎದ್ದು ಗುಡಿಯ ಹಿಂದೆ ಹೋಗಿ ಕೂತ.

ನಾನು ಮೆತ್ತಗೆ ಹೇಳಿದೆ: “ಹೊಳಿನೂ ಕಾಣಲಿಲ್ಲಲ್ಲತ್ತಿ. ನನ್ನ ಲೆಕ್ಕಾ ತಪ್ಪಿತು.”

“ಹೊಳಿ ಎಲ್ಲಿ ಹೋಗ್ತಾವ ಬಿಡೋ,” ಎಂದಳು. ಕಾಲು ಚಾಚಿ, ಬಾವು ಬಂದ ಕಡೆ ಕೈಯಾಡಿಸುತ್ತ, ಕೆಳಗಿನ ಎರೆಹೊಲಗಳ ನಡುವೆ ಸುಳಿದಾಡುತ್ತಿದ್ದ ಬಂಡಿಜಾಡು ತೋರಿಸಿದಳು. “ಕೊಟ್ಟ ಮನಿಗೆ ಹೋಗೋವಾಗ ಅಲ್ಲೆಲ್ಲೋ ಹಾದು ಹೋಗಿರಬೇಕು. ನಾ ಬಂಡ್ಯಾಗ ನಿದ್ದಿ ಮಾಡಿದ್ದೆ, ಸಣ್ಣಾಕಿ ಇದ್ದೆನಲ್ಲ. ನಿಮ್ಮಪ್ಪ ವಾಪಸು ಕರಕೊಂಡು ಬರೋವಾಗ ಇದೇ ಮಾನ್ವಿ ಹಾದಿ. ಆವಾಗ ಮಾರಿ ತುಂಬ ಸೆರಗು ಹಾಕ್ಕೊಂಡು ಅಳಲಿಕ್ಕತ್ತಿದ್ದೆ. ಎರಡೂ ಸಲ ಹಾದಿ ನೋಡಲಿಲ್ಲ. ಒಮ್ಮೆ ಕಣ್ಣು ತಕ್ಕೊಂಡು ನೋಡಬೇಕು ಅಂತಿತ್ತು. ನೋಡಿದೆ.”

ಜಾಡಿನ ಮೇಲಿನ ಕಣ್ಣು ತೆಗೆಯದೆ, “ಛಂದ ಅದನೋ ತಮ್ಮಾ. ಇಷ್ಟು ಛಂದ ಅದ ಅಂತ ಯಾರೂ ಹೇಳೇ ಇದ್ದಿಲ್ಲ,” ಎಂದಳು.

ನಾನು ಅವಳ ಪಕ್ಕದಲ್ಲಿ ಕೂತೆ. ಶಿಲೆಗಳ ಬಗ್ಗೆ ಹೇಳಲು ಇನ್ನು ಏನೂ ಉಳಿದಿರಲಿಲ್ಲ. ಹೊತ್ತು ಇಳಿಯುವವರೆಗೂ ಅವಳು ಒಮ್ಮೆ ದೇವದುರ್ಗದ ಕಡೆ, ಒಮ್ಮೆ ಮಾನ್ವಿಯ ಕಡೆ ತಿರುಗಿ ತಿರುಗಿ ನೋಡುತ್ತಿದ್ದಳು. ಇಳಿಯುವಾಗ ನನ್ನ ಮೊಣಕಾಲು ಒಂದು ಕಲ್ಲಿಗೆ ಜೋರಾಗಿ ಬಡಿಯಿತು, ಉಳಿದ ದಾರಿಯನ್ನು ಭೀಮಣ್ಣನ ಹೆಗಲು ಹಿಡಿದು ಕುಂಟಿದೆ. ಗುಡ್ಡಕ್ಕೆ ಅತ್ತೆಯನ್ನು ಕರೆದೊಯ್ದವರು ನಾವು ಎಂದು ಮನೆಯಲ್ಲಿ ಹೇಳಿಕೊಳ್ಳಲು ಆಗದ ಸ್ಥಿತಿ. ಬಂಡಿಯಲ್ಲಿ ಕೂತೊಡನೆ ಇಬ್ಬರೂ ಗೊರಕೆ ಹೊಡೆದೆವಂತೆ. ಅತ್ತೆ ಊರು ಬರುವವರೆಗೂ ಎಚ್ಚರವಿದ್ದಳಂತೆ. ಬಂಡಿಯವನೇ ಹೇಳಿದ್ದು.

ಮರುದಿನ ಅವಳ ದ್ವಾದಶಿ. ಶನಿವಾರ ಬೆಳಕು ಹರಿಯುವ ಮೊದಲೇ ನಾನು ಕುಂಟುತ್ತ ಎದ್ದು, ಬಾವಿಯಲ್ಲಿ ಸ್ನಾನ ಮಾಡಿ, ಮಡಿ ಉಟ್ಟು ಅಡಿಗೆಮನೆಗೆ ಹೋದೆ. ಅತ್ತೆ ತನಗಷ್ಟೇ ಒಂದು ಹಿಡಿ ಅಕ್ಕಿ ಬೇಯಿಸಿಕೊಂಡು ಎಲೆ ಹಾಕಿಕೊಳ್ಳುತ್ತಿದ್ದಳು. “ಕೂಡು ಅತ್ತಿ. ನಾ ಬಡಸ್ತೀನಿ,” ಎಂದೆ. “ಬಡಸಲಿಕ್ಕೆ ಬರ್ತದೇನೋ ನಿನಗ?” ಎಂದಳು. ಬರುತ್ತಿರಲಿಲ್ಲ. ಅನ್ನ ಎಲೆಯ ಅಂಚಿಗೆ ಬಿತ್ತು, ತುಪ್ಪ ನೆಲಕ್ಕೆ ಬಿತ್ತು. ಅವಳು ನಕ್ಕಳು, ಕೈ ತೊಳೆದು ಮೊದಲನೆಯ ತುತ್ತು ಬಾಯಿಗಿಟ್ಟಳು. ಸಣ್ಣವನಿದ್ದಾಗಿನಿಂದ ಅವಳ ಕೈಯಲ್ಲಿ ಉಂಡವನು ನಾನು, ಅವಳು ಉಣ್ಣುವುದನ್ನು ಕಂಡದ್ದು ಅಂದೇ ಮೊದಲು. ತುತ್ತನ್ನು ಬಹಳ ಹೊತ್ತು ಅಗಿಯುತ್ತಿದ್ದಳು. ಮುಂದಿನ ಹಲ್ಲು ಒಂದೆರಡು ಇರಲೇ ಇಲ್ಲ, ಅದೂ ನನಗೆ ಗೊತ್ತಿರಲಿಲ್ಲ.

ಅತ್ತೆ ಆಮೇಲೆ ಬಹಳ ವರ್ಷ ಇರಲಿಲ್ಲ. ಇದ್ದಷ್ಟು ದಿನ ಅವಳ ಪಂಚಾಂಗವೂ ನಮ್ಮ ಗೋಡೆಯ ಮೇಲೆ ತೂಗಿತು, ಅದನ್ನು ತಂದುಕೊಟ್ಟವನು ಭೀಮಣ್ಣ. ಅವಳ ದ್ವಾದಶಿ ಬೇರೆ ಬಂದ ದಿನ ನಾನೇ ಬಡಿಸುತ್ತಿದ್ದೆ. ಮೂರನೆಯ ಸಲದ ಹೊತ್ತಿಗೆ ಕೈ ಹಿಡಿತಕ್ಕೆ ಬಂದಿತ್ತು. ಆಮೇಲೆ ಅವಳು ಹೋದಳು, ನನ್ನ ಮದುವೆಯಾಯಿತು, ಸಂಸಾರ ಬೆಳೆಯಿತು, ಕೈ ಮತ್ತೆ ಮರೆಯಿತು.

ನೋಡಿ, ನಿಮ್ಮೊಡನೆ ಮಾತಾಡುತ್ತ ಮಧ್ಯಾಹ್ನ ಸರಿದುಹೋಗಿದೆ. ನನ್ನ ಊಟವಾಗಿ ಎರಡು ತಾಸು ಆಗಿರಬೇಕು. ಒಳಗೆ ಇವಳು, ನನ್ನ ಹೆಂಡತಿ, ಏನೋ ತೊಳೆಯುತ್ತಿರುವ ಸದ್ದು. ಇದನ್ನೆಲ್ಲ ನಿಮಗೆ ಇಷ್ಟು ಬಣ್ಣಿಸಿ ಹೇಳುತ್ತಿರುವ ನಾನು ಇವತ್ತು ಅವಳು ಉಂಡಳೋ ಇಲ್ಲವೋ ನೋಡಿಲ್ಲ. ನಿನ್ನೆಯೂ ನೋಡಿಲ್ಲ. ಎದ್ದು ಅಡಿಗೆಮನೆಯ ಬಾಗಿಲಿಗೆ ಹೋಗಿ ನಿಂತೆ.

“ನಿಂದು ಊಟ ಆತೇನು?”

ಇವಳು ಕೈಯಲ್ಲಿದ್ದ ಪಾತ್ರೆಯನ್ನು ಹಾಗೇ ಹಿಡಿದು ತಿರುಗಿದಳು. “ಯಾಕ?”

“ಆಗಿಲ್ಲಂದ್ರ ಕೂಡು. ನಾ ಬಡಸ್ತೀನಿ.”

ಅವಳು ಪಾತ್ರೆ ಕೆಳಗಿಟ್ಟು, ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಹತ್ತಿರ ಬಂದಳು. ಬಂದವಳು ನನ್ನ ಹಣೆಯ ಮೇಲೆ ಕೈಯಿಟ್ಟು ಜ್ವರ ನೋಡಿದಳು.